ಹತ್ತು ವರ್ಷದ ಮಗಳಿಗೆ ಖಯಾಲ್ ಕೇಳೋ ರೂಢಿ ಹಚ್ಚೋದು ಹೆಂಗ?

ಕೇಳಿದವರು, ಹುಬ್ಬಳ್ಳಿ: ಮಗಳಿಗೆ 10 ವರ್ಷ. ಸಿನಿಮಾ ಹಾಡು ಬಿಟ್ಟು ಬ್ಯಾರೆ ಏನೂ ಕೇಳೂದಿಲ್ಲ, ಅಜ್ಜಾರು ಖಯಾಲ್ (ಹಿಂದೂಸ್ತಾನಿ ಶಾಸ್ತ್ರೀಯ ಹಾಡಿಕಿ) ಹಚ್ಚಿದ್ರ ಎದ್ದು ಹೋಗ್ತಾಳ. ನನಗ 40, ನನ್ನ ಕಿವೀನೂ ಕಾಲೇಜಿನ ಕಾಲದ ಹಾಡಿಗೇ ನಿಂತದ. ರುಚಿ ಬೆಳಸಾಕ ಏನ್ ಮಾಡಬೇಕ್ರಿ?

ಧಾರವಾಡ, ಹಾಡಿಕೆ ಕಲಿಸುವವರು: ಅಕ್ಕಾರ, ಐದಾರು ವರ್ಷದ ಕೂಸು ಏನ್ ಹಚ್ಚಿದ್ರೂ ಕೇಳ್ತದ. ಎಂಟ್ಹತ್ತು ದಾಟಿದ ಮ್ಯಾಲ ಗುರುತಿಲ್ಲದ್ದನ್ನ ದೂರ ತಳ್ಳೋದು ಶುರು ಆಗ್ತದ. ಮುಂದ ಹರೇದಾಗ ಹಾಡು ಅಂದ್ರ ಗೆಳತ್ಯಾರ ಗುಂಪಿನ ಗುರುತು. ಅದಕ್ಕ ಮೊದಲನೇ ಮಾತು, ಆಕಿ ಹಾಡು ಹೀಯಾಳಿಸಬ್ಯಾಡ್ರಿ. ಹೀಯಾಳಿಸಿದ್ರ ಖಯಾಲ್ ಅಂದ್ರ ದೊಡ್ಡವರ ಕಡೀದು ಅಂತ ಗಟ್ಟಿ ಆಗಿಬಿಡ್ತದ.

ಎದ್ದು ಹೋಗಾಕ ಕಾರಣ ತಾಳದಾಗೂ ಅದ. ವಿಲಂಬಿತ (ನಿಧಾನ ಲಯದ) ಏಕತಾಲದ 12 ಮಾತ್ರೆ, ಅಂದ್ರ 12 ಎಣಿಕಿ, ಒಂದು ಸುತ್ತು ಬರಾಕ ಮುಕ್ಕಾಲು ನಿಮಿಷ ಹಿಡೀಬಹುದು. ಸಿನಿಮಾ ಹಾಡಿನಾಗ ಕೆಲವೇ ಸೆಕೆಂಡಿಗೆ ಸಮ, ಅಂದ್ರ ಸುತ್ತಿನ ಮೊದಲನೇ ಪೆಟ್ಟು, ಬರ್ತದ. ಸಮ ಸಿಗದ ಕಿವಿ ದಾರಿ ತಪ್ತದ. ಅದಕ್ಕ ಧ್ವನಿಮುದ್ರಿಕೆಯ ಕಡೀ ಐದು ನಿಮಿಷ, ದ್ರುತ (ಜೋರು ಲಯದ) ತೀನ್‌ತಾಲದ ಭಾಗ ಅಷ್ಟೇ ಹಚ್ರಿ. ಅಲ್ಲಿ 16 ಮಾತ್ರೆ ನಾಲ್ಕೈದು ಸೆಕೆಂಡಿನಾಗ ಮುಗೀತಾವ. ಸಮಕ್ಕ ಚಪ್ಪಾಳಿ ಹೊಡಿಯೋ ಆಟ ಕಟ್ರಿ. ದಿನಾ ಹೊಸಾದು ಬ್ಯಾಡ, ಅದನ್ನೇ ಎರಡು-ಮೂರು ವಾರ. ಚಪ್ಪಾಳಿ ತಾನಾಗೇ ಸಮಕ್ಕ ಬೀಳಾಕ ಹತ್ತಿದ್ರ ಇನ್ನೈದು ನಿಮಿಷ ಹಿಂದಿಂದ ಹಚ್ರಿ. ಮುಖ ಸಿಂಡರಿಸಿದ್ರ ಮಾತ್ರ ಬಿಟ್ಟುಬಿಡ್ರಿ, ಒಂದು ತಿಂಗಳು ತಡೀರಿ. ಬ್ಯಾಡಾದದ್ದನ್ನ ಮತ್ತ ಮತ್ತ ಕೇಳಿಸಿದ್ರ ಬ್ಯಾಸರಕೀನ ಬೆಳೀತದ.

ಗದಗ: ದ್ರುತದ ತುಣುಕಿನಿಂದ ಶುರು ಮಾಡುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವೇಗವೇ ಸಂಗೀತ ಎನ್ನುವ ಭಾವನೆ ಕೂತರೆ ಗಂಗೂಬಾಯಿ ಹಾನಗಲ್ಲರ ಕಿರಾಣಾ ಪರಂಪರೆಯ ಗಾಯನದಲ್ಲಿ ಸ್ವರ ನಿಧಾನ ಅರಳುವುದು ಮುಂದೆ ಹಿಡಿಸುವುದು ಕಷ್ಟ. ನಮ್ಮ ಭಾಗದ ಮಕ್ಕಳಿಗೆ ಮಾತಿನ ಬಾಗಿಲೇ ಹತ್ತಿರ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಹಾಡಿದ ವಚನಗಳು, ಭೀಮಸೇನ ಜೋಶಿಯವರ ದಾಸರ ಪದಗಳು ಬಹುಪಾಲು ಹತ್ತು ನಿಮಿಷದ ಒಳಗಿನವು, ಕನ್ನಡದವು, ರಾಗದಲ್ಲೇ ಕಟ್ಟಿದವು. ಒಂದು ವಚನ ಬಾಯಿಗೆ ಬಂದ ಮೇಲೆ ಅದರ ರಾಗ ಯಾವುದೆಂದು ತಿಳಿದವರನ್ನು ಕೇಳಿ, ಅದೇ ರಾಗದ ಮಧ್ಯಲಯದ ಬಂದಿಶ್ (ಖಯಾಲಿನ ರಚನೆ) ಹಾಕಿ. ‘ಇದು ಎಲ್ಲೋ ಕೇಳಿದ್ದು’ ಎಂದು ಮಗು ತಾನೇ ಹೇಳುತ್ತದೆ, ನೀವು ಹೇಳಿಕೊಡಬೇಡಿ.

ಎದುರು ಕೂತು ಕೇಳುವುದಕ್ಕೆ ಸಮನಾದದ್ದಿಲ್ಲ. ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವವಿರಲಿ, ಗದಗಿನ ವೀರೇಶ್ವರ ಪುಣ್ಯಾಶ್ರಮವಿರಲಿ, ತಬಲಾದವರ ಎಡಗೈ ಕಾಣುವ ಕಡೆ ಕೂಡಿಸಿ. ಅರ್ಧ ತಾಸಿಗೆ ಎಬ್ಬಿಸಿಕೊಂಡು ಬನ್ನಿ, ಇನ್ನೂ ಕೇಳಬೇಕು ಎನ್ನುವಾಗಲೇ. ಪರೀಕ್ಷೆಗೆಂದು ಕ್ಲಾಸಿಗೆ ಹಚ್ಚುವ ಆತುರ ಮಾತ್ರ ಬೇಡ.

ಧಾರವಾಡ: ವಚನದ ಮಾತು ಖರೇ ಅದ. ಎರಡೂ ಕೂಡಿಸ್ರಿ.

ಹಾವೇರಿ, ಸೌಂಡ್ ಸಿಸ್ಟಮ್ ಕೆಲಸದವರು: ಮೊಬೈಲ್ ಸ್ಪೀಕರ್‌ನ್ಯಾಗ ಖಯಾಲ್ ಹಚ್ಚಬ್ಯಾಡ್ರಿ ಅಕ್ಕಾ. ಗಂಡುದನಿಗೆ ಕೂಡಿಸಿದ ತಂಬೂರಿಯ ಖರ್ಜದ (ಎಲ್ಲಾಕ್ಕಿಂತ ಕೆಳಗಿನ ಸ್ವರದ) ತಂತಿ 70 ಹರ್ಟ್ಜ್ ಆಜೂಬಾಜು ಇರತೈತಿ. ಆ ಸಣ್ಣ ಸ್ಪೀಕರಿಗೆ ಅಷ್ಟು ಕೆಳಗ ಇಳಿಯಾಕ ಆಗೂದಿಲ್ಲ, ತಬಲಾದಾಗ ಎಡಗೈಲೆ ಬಾರಿಸೂ ಡಗ್ಗಾನೂ ಸತ್ತಂಗ ಆಕ್ಕತಿ. ಉಳಿಯೂದು ಬರೇ ತೆಳ್ಳನ ದನಿ, ಅದನ್ನ ಕೇಳಿ ಹುಡುಗಿ ಎದ್ದು ಹೋದ್ರ ಆಕೀದೇನೂ ತಪ್ಪಿಲ್ಲ. ನಾಕಿಂಚಿನ ವೂಫರ್ ಇರೂ ಸ್ಪೀಕರ್ ಗ್ವಾಡಿ ಮೂಲ್ಯಾಗ ಇಟ್ರ ತಳದ ದನಿ ತುಂಬತೈತಿ. ಹೆಡ್‌ಫೋನ್ ಆದ್ರ ಸಪ್ಪಳ ಕಡಿಮಿ ಇಡ್ರಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳೂ ಮಿತಿ 75 ಡೆಸಿಬಲ್ ಸಪ್ಪಳದಾಗ ವಾರಕ್ಕ 40 ತಾಸು.

ಇನ್ನ ನಿಮ್ಮ 40ರ ಕಿವಿ. ಹದಿನೈದರಿಂದ ಇಪ್ಪತ್ತೈದರ ಒಳಗ ಕೇಳಿದ್ದು ನೆನಪಿನ್ಯಾಗ ಎಲ್ಲಾಕ್ಕಿಂತ ಗಟ್ಟಿ ಕೂಡತೈತಿ, ಎಲ್ಲಾರಿಗೂ ಹಂಗ. ಅದನ್ನ ಕೀಳಾಕ ಹೋಗಬ್ಯಾಡ್ರಿ, ಅದಕ್ಕ ಎಳಿ ಕಟ್ರಿ. ಹಳೇ ಹಾಡಿನ್ಯಾಗ ಹಾರ್ಮೋನಿಯಂ ಹಿಡಿಸಿದ್ರ ಊರಾಗಿನ ಭಜನಿಗೆ ಹೋಗ್ರಿ. ಶಿಗ್ಗಾಂವಿ ಕಡೆ ಶಿಶುನಾಳ ಷರೀಫರ ತತ್ವಪದ ಹಾಡೂ ಮ್ಯಾಳದಾಗ ಪಲ್ಲವಿ ಎಲ್ಲಾರೂ ಎತ್ತತಾರ, ಮಗಳೂ ದನಿ ಕೂಡಸಬಹುದು. ಆ್ಯಪಿನ್ಯಾಗ ಆಟೋಪ್ಲೇ ಬಂದ್ ಮಾಡ್ರಿ, ಅದು ಕೇಳಿದ್ದನ್ನ ತಿರಗಾ ಮುರಗಾ ತಂದಿಡತೈತಿ. ಮುಂಜಾನೆ ಧಾರವಾಡ ಆಕಾಶವಾಣಿ ಹಚ್ಚಿ ಅಡಗಿ ಮನ್ಯಾಗ ಇಡ್ರಿ. ಬ್ಯಾರೆಯವರು ಆರಿಸಿದ್ದು ಮುಂದಕ್ಕ ಓಡಿಸಾಕ ಬರೂದಿಲ್ಲ, ಕಿವಿಗೆ ಬಿದ್ದೇ ಬೀಳತೈತಿ.

ಕೇಳಿದವರು: ಅಜ್ಜಾರಿಗೆ ಏನ್ ಹೇಳ್ಲಿ?

ಧಾರವಾಡ: ಕೇಳಸಾಕ ಕರೀಬ್ಯಾಡ ಅನ್ರಿ. ತಮ್ಮ ಪಾಡಿಗೆ ಹಚ್ಚಿಕೊಂಡು ಕೂಡ್ಲಿ, ಬಾಗಿಲ ತಗದಿರಲಿ. ಆಕಿ ಬಂದು ಕೂತ್ರ ರಾಗದ ಹೆಸರು ಕೇಳಿ ಪರೀಕ್ಷೆ ಮಾಡಬಾರದು.