ಅಪರ್ಣಾ ಸೇನ್ ಸಿನಿಮಾ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಮೊನ್ನೆ ಸತ್ಯಜಿತ್ ರಾಯ್ ಅವರ ‘ತೀನ್ ಕನ್ಯಾ’ (1961) ನೋಡಿದೆ. ಮದುವೆಯಾದ ರಾತ್ರಿಯೇ ಮರ ಇಳಿದು ಓಡಿಹೋಗುವ ಆ ಹುಡುಗಿ ಅಪರ್ಣಾ ಸೇನ್ ಅಂತ ಆಮೇಲೆ ಗೊತ್ತಾಯಿತು. ಅವರು ನಟನೆ ಬಿಟ್ಟು ನಿರ್ದೇಶನಕ್ಕೆ ಹೋದರಾ? ನನಗೆ ಬಂಗಾಳಿ ಬರಲ್ಲ. ಮೊದಲು ಯಾವುದು ನೋಡಲಿ?

ಉತ್ತರ 1:
‘36 ಚೌರಂಗಿ ಲೇನ್’ (1981), ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಅವರ ಮೊದಲ ಸಿನಿಮಾ, ಕತೆಯೂ ಅವರದೇ, ಮಾತೆಲ್ಲ ಜಾಸ್ತಿ ಇಂಗ್ಲಿಷಿನಲ್ಲೇ ಇದೆ. ದುಡ್ಡು ಹಾಕಿದ್ದು ಶಶಿ ಕಪೂರ್. ಕಲ್ಕತ್ತಾದ ಒಬ್ಬಂಟಿ ಆಂಗ್ಲೋ ಇಂಡಿಯನ್ ಟೀಚರ್ ಆಗಿ ಜೆನಿಫರ್ ಕೆಂಡಲ್. ಹಳೇ ಶಿಷ್ಯೆ ಮತ್ತು ಅವಳ ಗೆಳೆಯ ಇವರ ಮನೆಯನ್ನು ಹಗಲು ಹೊತ್ತು ಬಳಸಿಕೊಳ್ಳುತ್ತಾರೆ, ಮದುವೆಯಾದ ಮೇಲೆ ದೂರವಾಗುತ್ತಾರೆ. ಕ್ರಿಸ್‌ಮಸ್‌ಗೆ ಊರಲ್ಲಿರಲ್ಲ ಅಂತ ಸುಳ್ಳು ಹೇಳಿರುತ್ತಾರೆ. ಈಕೆ ಪಾಪ, ಕೇಕ್ ಮಾಡಿ ಅವರ ಮನೆ ತನಕ ಹೋದರೆ ಒಳಗೆ ಪಾರ್ಟಿ ನಡೀತಿರುತ್ತೆ. ಅಲ್ಲಿ ಯಾರೂ ಜಗಳ ಆಡಲ್ಲ, ಕಿಟಕಿ ಆಚೆ ನಿಂತವಳ ಮುಖ ಅಷ್ಟೇ. ನಟಿಯಾಗಿದ್ದವರಿಗೇ ಹೀಗೆ ಒಂದು ಮುಖವನ್ನು ನಂಬಿ ಬಿಡೋಕೆ ಸಾಧ್ಯ ಅನ್ನಿಸುತ್ತೆ ನನಗೆ. ಮೊದಲ ಸಿನಿಮಾಕ್ಕೇ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು.

ಉತ್ತರ 2:
ಅದು ನಿಧಾನ, ಹೊಸಬರಿಗೆ ‘ಮಿಸ್ಟರ್ ಅಂಡ್ ಮಿಸೆಸ್ ಅಯ್ಯರ್’ (2002) ಒಳ್ಳೇದು. ಗಲಭೆಯಲ್ಲಿ ಸಿಕ್ಕಿಕೊಂಡ ಬಸ್ಸು. ಪಕ್ಕದವನು ಮುಸ್ಲಿಂ ಅಂತ ಗೊತ್ತಾದಾಗ ಮೀನಾಕ್ಷಿ ಅಯ್ಯರ್‌ಗೆ ಮೊದಲು ಚಿಂತೆ ಆಗೋದು ಅವನ ಬಾಟಲಿ ನೀರು ಕುಡಿದೆನಲ್ಲ ಅಂತ! ಅದೇ ಹೆಣ್ಣು ಸ್ವಲ್ಪ ಹೊತ್ತಿಗೆ ಅವನನ್ನು ತನ್ನ ಗಂಡ ಅಂತ ಹೇಳಿ ಉಳಿಸುತ್ತಾಳೆ. ಅವಳನ್ನು ದೇವತೆ ಮಾಡಿಲ್ಲ, ಅದೇ ನನಗೆ ಇಷ್ಟ. ಆ ಪಾತ್ರ ಮಾಡಿದ್ದು ಮಗಳು ಕೊಂಕಣಾ. ತಾಯಿಗೆ ನಿರ್ದೇಶನಕ್ಕೆ, ಮಗಳಿಗೆ ನಟನೆಗೆ, ಇಬ್ಬರಿಗೂ ರಾಷ್ಟ್ರಪ್ರಶಸ್ತಿ.

ಉತ್ತರ 3:
ನಟನೆ ಬಿಡಲೇ ಇಲ್ಲ ಅವರು. ಋತುಪರ್ಣ ಘೋಷ್ ಅವರ ‘ಉನಿಶೇ ಏಪ್ರಿಲ್’ನಲ್ಲಿ ನೃತ್ಯಗಾತಿ ತಾಯಿ ಅವರೇ. ತಮ್ಮದೇ ‘ಪಾರಮಿತಾರ್ ಏಕ್ ದಿನ್’ (2000)ನಲ್ಲಿ ಅತ್ತೆ. ಇದರ ನಡುವೆ ‘ಸಾನಂದಾ’ ಅನ್ನೋ ಬಂಗಾಳಿ ಮಹಿಳಾ ಪತ್ರಿಕೆಗೆ ಸಂಪಾದಕಿ ಬೇರೆ ಆಗಿದ್ದರು.

ಆದರೆ ಅವರು ನಿರ್ದೇಶಿಸಿದ ‘ಪರೊಮಾ’ (1985) ಬಿಡಬೇಡಿ. ಬೇರೆಯವನನ್ನು ಪ್ರೀತಿಸಿದ ಗೃಹಿಣಿ, ಮನೆಯವರೆಲ್ಲ ದೂರ ಇಟ್ಟರೂ, ನನಗೆ ತಪ್ಪಿತಸ್ಥ ಭಾವನೆ ಇಲ್ಲ ಅಂತಾಳೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ನಮ್ಮ ಕನ್ನಡದಲ್ಲೂ ಆಗತಾನೇ, ಹೆಣ್ಣೊಬ್ಬಳೇ ನಿರ್ದೇಶಿಸಿದ ಬಾಲವಿಧವೆಯ ಕತೆ, ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಬಂದಿತ್ತು. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಆಮೇಲೆ ಇಲ್ಲೇ ಬರೆಯಿರಿ.