ಊರಿನಿಂದಲೇ ಓಡಾಡಿ ಬೆಂಗಳೂರಿನಲ್ಲಿ ಕೆಲಸ ಹುಡುಕಬಹುದೇ?

ಪ್ರಶ್ನೆ (ಮಾಗಡಿ ತಾಲ್ಲೂಕು):
ಐಟಿಐ ಫಿಟ್ಟರ್ ಮುಗಿಸಿರುವ ನನ್ನ ತಮ್ಮನಿಗೆ ಪೀಣ್ಯ ಮತ್ತು ಬೊಮ್ಮಸಂದ್ರದ ಕಾರ್ಖಾನೆಗಳಿಂದ ಸಂದರ್ಶನಕ್ಕೆ ಕರೆ ಬರುತ್ತಿದೆ. ನಮ್ಮ ಹಳ್ಳಿಗೆ ಬೆಳಗಿನ ಮೊದಲ ಬಸ್ಸು ಬರುವುದೇ ಏಳರ ನಂತರವಾದ್ದರಿಂದ, ಆರು ಗಂಟೆಯ ಪಾಳಿ ಎಂದು ತಿಳಿದ ಕೂಡಲೇ ಅವನು ಸಂದರ್ಶನಕ್ಕೆ ಹೋಗುವುದನ್ನೇ ಬಿಡುತ್ತಿದ್ದಾನೆ. ಕೆಲಸ ಸಿಗುವ ಮೊದಲೇ ಅಡ್ವಾನ್ಸ್ ಕೊಟ್ಟು ರೂಮು ಹಿಡಿಯುವುದು ಸರಿಯೇ? ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಿಂದ):
ಮೊದಲು ಪೀಣ್ಯವನ್ನೇ ನೋಡಲಿ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಇಳಿದು ಹೊರವರ್ತುಲ ರಸ್ತೆಯ ಬಸ್ಸು ಹಿಡಿದರೆ, ಮೆಜೆಸ್ಟಿಕ್ ಸುತ್ತದೆಯೇ ಪೀಣ್ಯಕ್ಕೆ ಹತ್ತಿರದ ಗೊರಗುಂಟೆಪಾಳ್ಯ ತಲುಪಬಹುದು. ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಇದೆಯಾದರೂ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಬೇಕು, ಜಿಗಣಿ ಕಡೆಯ ಕಾರ್ಖಾನೆಯಾದರೆ ಬೊಮ್ಮಸಂದ್ರದಿಂದ ಮುಂದೆ ಆಟೊ ಖರ್ಚು ಬೇರೆ. ಅರ್ಜಿಯಲ್ಲಿ ದೂರದ ವಿಳಾಸ ಕಂಡರೆ ನಮ್ಮಂಥವರು ಕೇಳುವ ಮೊದಲ ಪ್ರಶ್ನೆಯೇ ‘ಪಾಳಿಗೆ ಹೇಗೆ ಬರುತ್ತೀರಿ?’ ಎಂಬುದು; ಅಲ್ಲಿ ತಡವರಿಸಿದವರ ಅಂಕಪಟ್ಟಿ ಎಷ್ಟು ಚೆನ್ನಾಗಿದ್ದರೂ ಕಡತದಲ್ಲೇ ಉಳಿಯುತ್ತದೆ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಕಂಪನಿ ಬಸ್ಸು ಯಾವ ಮಾರ್ಗದಲ್ಲಿ ಬರುತ್ತದೆ, ಗುತ್ತಿಗೆ ನೌಕರರನ್ನೂ ಹತ್ತಿಸಿಕೊಳ್ಳುತ್ತದೆಯೇ ಎಂಬುದನ್ನು ಅವನು ಸಂದರ್ಶನದಲ್ಲೇ ಕೇಳಲಿ.

ಉತ್ತರ 2 (ಗಾರ್ಮೆಂಟ್ಸ್ ಉದ್ಯೋಗಿ):
2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ, ಟಿಕೆಟ್ ದುಡ್ಡಿಗೆ ಮನೆಯಲ್ಲಿ ಕೈಚಾಚದೆ ನಾಲ್ಕಾರು ಕಾರ್ಖಾನೆಗಳ ಗೇಟಿನಲ್ಲಿ ವಿಚಾರಿಸಿ ಬರುವುದು ನಮ್ಮಂಥ ಹೆಣ್ಣುಮಕ್ಕಳಿಗೆ ಸಾಧ್ಯವಾಯಿತು. ನಿಮ್ಮ ತಮ್ಮನಿಗೆ ಆ ಅನುಕೂಲವಿಲ್ಲ, ನಿಜ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ಟಿನಿಂದಲೂ ಪ್ರಯೋಜನವಿಲ್ಲ. ಓವರ್‌ಟೈಮ್ ಮುಗಿಯುವ ವೇಳೆಗೆ ಊರಿನ ಕೊನೆಯ ಬಸ್ಸು ಹೋಗಿರುತ್ತದೆ ಎಂಬ ಕಾರಣಕ್ಕೇ ಒಳ್ಳೆಯ ಕೆಲಸ ಬಿಟ್ಟವರನ್ನು ನಾನು ಬಲ್ಲೆ.

ಉತ್ತರ 3 (ಅರ್ಥಶಾಸ್ತ್ರ ಉಪನ್ಯಾಸಕ):
ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ ಖಾಲಿ ಹುದ್ದೆಗಳ ಪ್ರಕಟಣೆಗಳನ್ನು ನಗರದ ನಡುಭಾಗದ ಫಲಕಗಳಿಗೆ ಅಂಟಿಸುವ ರೂಢಿಯಿತ್ತು. ದೂರದ ಬಡಾವಣೆಗಳ ಯುವಜನರಿಗೆ ಅಲ್ಲಿಗೆ ಬರುವ ಬಸ್ ಖರ್ಚನ್ನು ಕೊಟ್ಟು ನೋಡಿದಾಗ, ಅವರು ಹೊಟ್ಟೆಪಾಡಿನ ತಾತ್ಕಾಲಿಕ ದುಡಿಮೆಯನ್ನು ಕಡಿಮೆ ಮಾಡಿ ಹುಡುಕಾಟವನ್ನು ಹೆಚ್ಚಿಸಿದರು, ಕಾಯಂ ಕೆಲಸ ಸಿಗುವ ಸಾಧ್ಯತೆಯೂ ಹೆಚ್ಚಿತು ಎಂದು ಸೈಮನ್ ಫ್ರಾಂಕ್ಲಿನ್ ಅವರ 2018ರ ಪ್ರಬಂಧ ತೋರಿಸಿದೆ. ಆದ್ದರಿಂದ ರೂಮಿನ ಅಡ್ವಾನ್ಸಿಗೆ ಇಟ್ಟ ಹಣದಲ್ಲಿ ಒಂದು ಭಾಗವನ್ನು ಸದ್ಯಕ್ಕೆ ಓಡಾಟಕ್ಕೇ ಕೊಡಿ. ಸಂದರ್ಶನಗಳು ಸಾಮಾನ್ಯವಾಗಿ ಹಗಲಿನಲ್ಲೇ ಇರುವುದರಿಂದ ಏಳರ ಬಸ್ಸು ಅವಕ್ಕೆ ಸಾಕು. ನೇಮಕಾತಿ ಪತ್ರ ಕೈಗೆ ಬಂದ ಮೇಲೆ, ಪಾಳಿ ನೋಡಿಕೊಂಡು ರೂಮು ಹಿಡಿಯಬಹುದು.