ಬಿಪಿ ಸರಿಯಿದೆ, ರೋಗಿ ಸರಿಯಿಲ್ಲ: ರಾತ್ರಿ ಡಾಕ್ಟರಿಗೆ ಹೇಗೆ ಹೇಳೋದು?

ಪುಣೆ ಸಿಸ್ಟರ್:
ನಾನು ಪಿಂಪ್ರಿ ಕಡೆಯ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹೋದ ವಾರ ನೈಟ್ ಡ್ಯೂಟಿ. ಕರುಳಿನ ಆಪರೇಷನ್ ಆಗಿ ಮೂರನೇ ದಿನದ ರೋಗಿ, ಇಂಡಿ ಕಡೆಯ ಗಾರೆ ಕೆಲಸದವರು. ಬಿಪಿ 118/76, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್) 95, ಜ್ವರ 99.6. ನಾಡಿ ಮಾತ್ರ 114, ಉಸಿರು 24. "ಯಾಕೋ ಜೀವ ತಡೀವಲ್ದು ಸಿಸ್ಟರ್" ಅಂತ ಮಗ್ಗುಲು ಬದಲಿಸುತ್ತಲೇ ಇದ್ದರು. ರಾತ್ರಿ ಡ್ಯೂಟಿಯ ರೆಸಿಡೆಂಟ್ ಡಾಕ್ಟರಿಗೆ ಫೋನ್ ಮಾಡಿ "ಪೇಷಂಟ್ ಸರಿ ಕಾಣ್ತಿಲ್ಲ ಸರ್" ಅಂದೆ. "ಬಿಪಿ ಚೆನ್ನಾಗಿದೆಯಲ್ಲ, ನೋವಿನ ಇಂಜೆಕ್ಷನ್ ಕೊಡಿ, ರೌಂಡ್ಸಲ್ಲಿ ನೋಡೋಣ" ಅಂದರು. ಬೆಳಿಗ್ಗೆ ನೋಡಿದರೆ ಕರುಳಿನ ಹೊಲಿಗೆ ಸೋರುತ್ತಿತ್ತು. ಈಗ ಐಸಿಯುನಲ್ಲಿದ್ದಾರೆ. ಏನು ಹೇಳಿದ್ದರೆ ಡಾಕ್ಟರ್ ಎದ್ದು ಬರುತ್ತಿದ್ದರು?

ಡೊಂಬಿವಲಿ ಅಕ್ಕ:
ಸಿಸ್ಟರ್, ನಿಮ್ಮ ಅನುಮಾನ ಸರಿಯಾಗೇ ಇತ್ತು. ಬಿಪಿ ಬೀಳೋದು ತಡವಾಗಿ. ಅಲ್ಲಿವರೆಗೆ ರಕ್ತನಾಳ ಬಿಗಿಯಾಗಿ, ಹೃದಯ ಜೋರಾಗಿ ಬಡಿದು ಅದನ್ನು ಹಿಡಿದಿಟ್ಟಿರುತ್ತೆ. ಉಸಿರು ಮೊದಲೇ ಏರುತ್ತೆ. ಎಷ್ಟೋ ವಾರ್ಡುಗಳಲ್ಲಿ ಅದನ್ನೇ ಎಣಿಸದೆ ಸುಮ್ನೆ 18, 20 ಅಂತ ಬರೆದುಬಿಡ್ತಾರೆ. ನನಗೆ ತುಂಬಾ ಸಿಟ್ಟು ಬರುವ ವಿಷಯ ಇದು.

ಬ್ರಿಟನ್ನಿನಲ್ಲಿ 2017ರಿಂದ ನ್ಯೂಸ್-2 ಅಂತ ಒಂದು ಚಾರ್ಟ್ ಇದೆ. ನಾಡಿ, ಉಸಿರು ಥರದ ಒಂದೊಂದಕ್ಕೂ ಅಂಕ ಕೊಟ್ಟು ರೋಗಿ ಹದಗೆಡುತ್ತಿದ್ದಾರಾ ಅಂತ ನೋಡೋದು. ಅದರಲ್ಲಿ ಲೆಕ್ಕ ಹಾಕಿ. ಉಸಿರು 24ಕ್ಕೆ 2, ನಾಡಿ 114ಕ್ಕೆ 2, ಸ್ಯಾಚುರೇಷನ್ 95ಕ್ಕೆ 1. ಒಟ್ಟು 5. ಅಲ್ಲಿಗೆ ತುರ್ತಾಗಿ ಬಂದು ನೋಡಬೇಕಾದ ರೋಗಿ ಅಂತಲೇ ಅರ್ಥ. ಆಕ್ಸಿಜನ್ ಹಾಕಿದ್ದರೆ ಇನ್ನೂ 2.

ಫೋನಲ್ಲಿ ಹೀಗೆ ಹೇಳಿ: "ಸರ್, ಕರುಳಿನ ಆಪರೇಷನ್ ಆಗಿ ಮೂರನೇ ದಿನ. ಸಂಜೆ ಇಷ್ಟಿದ್ದ ನಾಡಿ ಈಗ 114, ಉಸಿರು 24, ಸ್ಕೋರ್ 5. ಹೊಲಿಗೆ ಸೋರುತ್ತಿದೆಯೇನೋ ಅಂತ ಅನುಮಾನ. ಈಗಲೇ ಬಂದು ನೋಡಬೇಕು." ನಾವು ಕೊನೆಯ ಮಾತೇ ಹೇಳಲ್ಲ, ಅಲ್ವಾ?

ಮಡಗಾಂವ್‌ನಿಂದ:
ಆದರೂ ಬರಲಿಲ್ಲ ಅಂದರೆ ಅವರ ಮೇಲಿನ ಡಾಕ್ಟರಿಗೆ ಫೋನ್ ಮಾಡಿ, ನೈಟ್ ಸೂಪರ್‌ವೈಸರ್‌ಗೂ ತಿಳಿಸಿ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ, ಅವರೇನು ಅಂದರು, ಎಲ್ಲಾ ನರ್ಸಸ್ ನೋಟ್ಸಲ್ಲಿ ಬರೀರಿ. ರೋಗಿಯ ಸಂಕಟವನ್ನೂ ಹೇಳಿ. ಹಿಂದಿ ಬಾರದ ನಮ್ಮೂರ ಕೂಲಿಯವರು ಡಾಕ್ಟರ್ ಕೇಳಿದರೆ ಬರೀ ತಲೆಯಾಡಿಸುತ್ತಾರೆ. ಅವರ ಮಾತು ತಿಳಿಯೋದು ಆ ಹೊತ್ತಲ್ಲಿ ನಮಗೊಬ್ಬರಿಗೇ.

ಪುಣೆ ಸಿಸ್ಟರ್:
ತುಂಬಾ ಉಪಕಾರ ಆಯ್ತು. ನೋವಿನ ಇಂಜೆಕ್ಷನ್ ಆದಮೇಲೆ ಉಸಿರು ಕಮ್ಮಿಯಾದರೆ ನಂಬಬಹುದಾ?

ಡೊಂಬಿವಲಿ ಅಕ್ಕ:
ಅದೊಂದನ್ನೇ ನಂಬಬೇಡಿ. ಮಾರ್ಫಿನ್ ಥರದ ಔಷಧಿ ಉಸಿರನ್ನೇ ನಿಧಾನ ಮಾಡುತ್ತೆ. ನಾಡಿ ಇಳಿಯಿತಾ, ಮೂತ್ರ ಎಷ್ಟಾಯಿತು ನೋಡಿ. 60 ಕೆಜಿ ರೋಗಿಗೆ ಗಂಟೆಗೆ 30 ಎಂಎಲ್‌ಗಿಂತ ಕಮ್ಮಿ ಇದ್ದರೆ ಮತ್ತೆ ಫೋನ್ ಮಾಡಿ.